ಹೆಸರು ಒಂದೇ, ಉರಿ ಬೇರೆ

ಮಿಕ್ಸಿ ಕೊಳ್ಳುವಾಗ ಎಷ್ಟು ವ್ಯಾಟ್, ಫ್ರಿಜ್ ಕೊಳ್ಳುವಾಗ ಎಷ್ಟು ಲೀಟರ್ ಎಂದು ನಾಲ್ಕು ಅಂಗಡಿ ಸುತ್ತಿ ಕೇಳುವ ನಾವು, ಲ್ಯಾಪ್‌ಟಾಪ್ ಎಂದ ಕೂಡಲೇ "ಅದೆಲ್ಲ ನಮಗೆ ತಿಳಿಯದು" ಎಂದು ಗಂಡಸರ ಕಡೆ ನೋಡುತ್ತೇವೆ. ದುಡ್ಡು ಮಾತ್ರ ಹೆಚ್ಚಾಗಿ ನಮ್ಮ ಅಕ್ಕಿ ಡಬ್ಬಿಯಿಂದಲೇ ಹೋಗಿರುತ್ತದೆ. ಮಿಕ್ಸಿಯ ವ್ಯಾಟ್ ಕೇಳಲು ಬರುವವಳಿಗೆ ಗ್ರಾಫಿಕ್ಸ್ ಕಾರ್ಡಿನ ವ್ಯಾಟ್ ಕೇಳಲೂ ಬರುತ್ತದೆ, ಅದೇನೂ ದೊಡ್ಡ ವಿದ್ಯೆಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಗಳಿಗೊಂದು 'ಗೇಮಿಂಗ್ ಲ್ಯಾಪ್‌ಟಾಪ್' ಕೊಳ್ಳಲು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಗುರಪ್ಪನಪಾಳ್ಯದಲ್ಲಿ, ಬಿಟಿಎಂ ಲೇಔಟ್ ಮತ್ತು ಜಯನಗರದ ಮಧ್ಯೆ. ಮನೆಯವರಿಗೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದ. ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಅದು ಐದು ವರ್ಷದ ಕೋರ್ಸು, ಅವಳು ಆಗ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದಳು.

ಮೊದಲ ವರ್ಷವೆಲ್ಲ ಡ್ರಾಯಿಂಗ್ ಬೋರ್ಡು, ಪೆನ್ಸಿಲ್ಲು, ರಟ್ಟಿನ ಮಾಡೆಲ್ಲುಗಳಲ್ಲಿ ಕಳೆಯಿತು. ಎರಡನೇ ವರ್ಷದಿಂದ ಕಂಪ್ಯೂಟರ್ ಶುರುವಾಯಿತು. ನನ್ನ ತಮ್ಮ ಬಳಸಿ ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಟೋಕ್ಯಾಡ್‌ನ ಗೆರೆಗಳು ಹೇಗೋ ಮೂಡುತ್ತಿದ್ದವು. ಅದೇ ಕಟ್ಟಡಕ್ಕೆ ಬಿಸಿಲು, ನೆರಳು, ಗಾಜು, ಗಿಡಗಳನ್ನೆಲ್ಲ ಹಾಕಿ ನಿಜವಾದ ಮನೆಯಂತೆ ತೋರಿಸುವ ಲ್ಯೂಮಿಯನ್ ಎಂಬ ಸಾಫ್ಟ್‌ವೇರ್ ಮಾತ್ರ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಅದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಹೀಗಾಗಿ ಸಬ್‌ಮಿಷನ್ ಬಂತೆಂದರೆ ಮಗಳು ಜೆ.ಪಿ. ನಗರದಲ್ಲಿರುವ ಗೆಳತಿಯ ಮನೆಗೆ ಹೋಗಿ, ಅವಳ ಕೆಲಸ ಮುಗಿದ ಮೇಲೆ ಅವಳ ಲ್ಯಾಪ್‌ಟಾಪ್‌ನಲ್ಲಿ ತನ್ನದನ್ನು ಹಾಕುತ್ತಿದ್ದಳು. ರಾತ್ರಿ ಒಂಬತ್ತು, ಒಂಬತ್ತೂವರೆ ಆಗುತ್ತಿತ್ತು. ಆಟೋ ಸಿಕ್ಕಿತೇ, ಎಲ್ಲಿಗೆ ಬಂದೆ ಎಂದು ನಾನು ಫೋನು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದೆ. ಗೆಳತಿಯ ತಾಯಿ ಒಳ್ಳೆಯವರು, ಊಟ ಹಾಕಿಯೇ ಕಳುಹಿಸುತ್ತಿದ್ದರು. ಆದರೂ ಇನ್ನೊಬ್ಬರ ಮನೆಯಲ್ಲಿ ಇನ್ನೊಬ್ಬರ ಯಂತ್ರಕ್ಕಾಗಿ ಎಷ್ಟು ದಿನ ಕಾಯುವುದು?

ಬೀದಿಯ ಹೆಂಗಸರೆಲ್ಲ ಸೇರಿ ಹಾಕಿದ್ದ ಚೀಟಿಯಲ್ಲಿ ನನ್ನ ಪಾಲು ತಿಂಗಳಿಗೆ 5,000. ಇಪ್ಪತ್ತು ತಿಂಗಳ ಚೀಟಿ, ಕೊನೆಯ ಸರದಿ ನನ್ನದು. ಒಂದು ಲಕ್ಷ ಕೈಗೆ ಬಂದ ದಿನವೇ ಮನೆಯಲ್ಲಿ ಸಭೆ ಸೇರಿತು.

"ಹೆಣ್ಣುಮಗುವಿಗೆ ಗೇಮಿಂಗ್ ಲ್ಯಾಪ್‌ಟಾಪ್ ಏಕೆ? ಅದು ಹುಡುಗರು ಗುಂಡು ಹಾರಿಸುವ ಆಟ ಆಡಲು ಇರುವುದು" ಎಂದರು ನಮ್ಮ ಭಾವ. ನಮ್ಮತ್ತೆಯ ಲೆಕ್ಕವೇ ಬೇರೆ. "ಆ ದುಡ್ಡಿಗೆ ಹುಡುಗಿಗೆ ಒಂದು ಜೊತೆ ಬಳೆ ಮಾಡಿಸು, ನಾಳೆಗೆ ಆಗುತ್ತದೆ" ಎಂದರು. ಈಗಿನ ಬೆಲೆಯಲ್ಲಿ ಒಂದು ಲಕ್ಷಕ್ಕೆ ಹತ್ತು ಗ್ರಾಂ ಆಭರಣ ಬರುವುದೂ ಕಷ್ಟ ಎಂದಾಗ ಅತ್ತೆ ನಂಬಲಿಲ್ಲ. ಮಗನಿಗೆ ಒಳಗೊಳಗೇ ಸಂತೋಷ. ಆಪಾಗೆ ಗೇಮಿಂಗ್ ಲ್ಯಾಪ್‌ಟಾಪ್ ಬಂದರೆ ರಾತ್ರಿ ತನಗೂ ಸಿಗುತ್ತದೆಂಬ ಆಸೆ ಅವನದು.

ಭಾವನವರ ಮಾತಿಗೆ ಉತ್ತರ ಹೇಳಿದ್ದು ಮಗಳೇ. "ದೊಡ್ಡಪ್ಪಾ, ಆಟದಲ್ಲಿ ಕಾಣುವ ಬೀದಿ, ಮನೆ, ನೆರಳನ್ನೆಲ್ಲ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸಬೇಕು. ನಾನು ಬಿಡಿಸುವುದೂ ಬೀದಿ, ಮನೆ, ನೆರಳೇ. ಕಾರ್ಡಿಗೆ ಎರಡೂ ಒಂದೇ ಕೆಲಸ. ಆಟ ಆಡುವವರು ಹೆಚ್ಚು, ಅದಕ್ಕೆ ಡಬ್ಬದ ಮೇಲೆ ಅವರ ಹೆಸರು ಹಾಕುತ್ತಾರೆ." ಭಾವ ಹ್ಞೂಂ ಎಂದರು, ಅಷ್ಟೆ.

ಗ್ರಾಫಿಕ್ಸ್ ಕಾರ್ಡ್ ಎಂದರೇನೆಂದು ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ. ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಬಾವರ್ಚಿ ಒಬ್ಬನೇ. ಯಾವಾಗ ಮಾಂಸ ಹಾಕಬೇಕು, ಯಾವಾಗ ಅಕ್ಕಿ ಬಸಿಯಬೇಕು ಎಂಬುದೆಲ್ಲ ಅವನ ತಲೆಯಲ್ಲಿದೆ. ಅವನೇ ಕಂಪ್ಯೂಟರಿನ ಪ್ರೊಸೆಸರ್. ಆದರೆ ಐವತ್ತು ಕಿಲೋ ಈರುಳ್ಳಿ ಸುಲಿಯಲು ಬಾವರ್ಚಿಯನ್ನು ಕೂರಿಸಿದರೆ ಊಟ ಮರುದಿನಕ್ಕೇ. ಅಲ್ಲಿ ಬೇಕಾದದ್ದು ಸಾಲಾಗಿ ಕುಳಿತು, ಒಬ್ಬೊಬ್ಬರೂ ಒಂದೊಂದು ಈರುಳ್ಳಿ ಹಿಡಿಯುವ ಐವತ್ತು ಹೆಂಗಸರು. ಪರದೆಯ ಮೇಲಿನ ಚಿತ್ರವೂ ಹಾಗೆಯೇ, ಲಕ್ಷಾಂತರ ಚುಕ್ಕೆಗಳು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡ 1920, ಉದ್ದ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಒಂದೊಂದಕ್ಕೂ ಯಾವ ಬಣ್ಣ, ಎಷ್ಟು ಬೆಳಕು ಎಂದು ಲೆಕ್ಕ ಹಾಕುವ ಸಣ್ಣ ಸಣ್ಣ ಕೆಲಸಗಾರರನ್ನು ಗ್ರಾಫಿಕ್ಸ್ ಚಿಪ್‌ನಲ್ಲಿ ಕೋರ್ ಎನ್ನುತ್ತಾರೆ, ಒಂದೊಂದು ಚಿಪ್‌ನಲ್ಲಿ ಸಾವಿರಾರು ಇರುತ್ತವೆ. ಕತ್ತರಿಸಿದ್ದನ್ನು ಕೈಗೆಟುಕುವಂತೆ ಹರಡಿಡುವ ದೊಡ್ಡ ಪರಾತವೇ ಕಾರ್ಡಿನ ಸ್ವಂತ ಮೆಮೊರಿ. ಪರಾತ ತುಂಬಿತೆಂದರೆ ಉಳಿದದ್ದನ್ನು ಒಳಗಿನ ಕೋಣೆಯಲ್ಲಿಟ್ಟು ಓಡಾಡಿ ತರಬೇಕಾಗುತ್ತದೆ, ಎಲ್ಲರ ಕೈಯೂ ನಿಂತುಬಿಡುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಪ್ರೊಸೆಸರ್‌ನ ಒಳಗೇ ಒಂದು ಮೂಲೆಯಲ್ಲಿ ಚಿಕ್ಕದಾಗಿ ಇರುತ್ತದೆ. ಬೇರೆಯಾಗಿ, ತನ್ನದೇ ಮೆಮೊರಿಯೊಂದಿಗೆ ಇದ್ದರೆ ಅದು 'ಡೆಡಿಕೇಟೆಡ್' ಕಾರ್ಡ್.

ಅಮೆರಿಕದ ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಎಂಬ ಚಿಪ್ ತಂದಾಗ ಅದನ್ನು ಜಗತ್ತಿನ ಮೊದಲ 'ಜಿಪಿಯು' ಎಂದು ಕರೆದುಕೊಂಡಿತು. ಇದು ದೂರದ ಮಾತೆಂದುಕೊಳ್ಳಬೇಡಿ. ಅದೇ ಕಂಪನಿ 2004ರಿಂದ ನಮ್ಮ ಬೆಂಗಳೂರಿನಲ್ಲಿದೆ. ಅದರ ಪ್ರತಿಸ್ಪರ್ಧಿ ಎಎಮ್‌ಡಿ 2023ರ ನವೆಂಬರ್‌ನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಇದೇ ಊರಿನಲ್ಲಿ. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಧ್ರುವ ಇಂಟರ್‍ಯಾಕ್ಟಿವ್ ಎಂಬ ಕಂಪನಿ ಇಲ್ಲಿ 1997ರಲ್ಲೇ ಶುರುವಾಗಿತ್ತು, 2019ರಲ್ಲಿ ಅದನ್ನು ಹೆಸರಾಂತ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಆಟ ಆಡುವುದು ಬೇರೆ, ಆಟದೊಳಗಿನ ಊರನ್ನು ಕಟ್ಟುವುದು ಬೇರೆ. ಈ ಎರಡನೆಯದು ಹೊಟ್ಟೆಪಾಡಿನ ಕೆಲಸ. ಅದರಲ್ಲೂ ಏರಿಳಿತ ಇದ್ದೇ ಇದೆ. 2025ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿದ್ದ ಟೆಕ್ನಿಕಲರ್ ಸ್ಟುಡಿಯೋ ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದನ್ನೂ ಮಕ್ಕಳಿಗೆ ಹೇಳಿಯೇ ಕಲಿಸಬೇಕು.

ಇನ್ನು ಅಂಕಿಗಳ ವಿಷಯ. ಆರ್‌ಟಿಎಕ್ಸ್ 4050, 4060, 5050 ಎಂದೆಲ್ಲ ಬರೆದಿರುವುದನ್ನು ನೋಡಿ ಹೆದರಬೇಕಾಗಿಲ್ಲ. ಮೊದಲ ಎರಡು ಅಂಕಿ ಪೀಳಿಗೆಯದು, ಕೊನೆಯ ಎರಡು ಅಂಕಿ ಆ ಪೀಳಿಗೆಯಲ್ಲಿ ಅದರ ಸ್ಥಾನ. 40ರ ಪೀಳಿಗೆ ಲ್ಯಾಪ್‌ಟಾಪ್‌ಗಳಿಗೆ ಬಂದದ್ದು 2023ರಲ್ಲಿ, 50ರ ಪೀಳಿಗೆ 2025ರಲ್ಲಿ. ಲ್ಯಾಪ್‌ಟಾಪ್‌ನ 4050ರಲ್ಲಿ 2560 ಕೋರ್, 6 ಜಿಬಿ ಮೆಮೊರಿ. 4060ರಲ್ಲಿ 3072 ಕೋರ್, 8 ಜಿಬಿ. 4070ರಲ್ಲಿ ಕೋರ್‌ಗಳು 4608ಕ್ಕೆ ಏರುತ್ತವೆ, ಮೆಮೊರಿ ಮಾತ್ರ ಅದೇ 8 ಜಿಬಿ. ಅಂದರೆ ಕೈಗಳು ಹೆಚ್ಚಾದವು, ಪರಾತ ದೊಡ್ಡದಾಗಲಿಲ್ಲ. ಹೊಸ ಪೀಳಿಗೆಯ 5050ರಲ್ಲಿ ಕೋರ್ 2560 ಮಾತ್ರ, ಹಳೆಯ 4060ಕ್ಕಿಂತ ಕಡಿಮೆ. ಆದರೆ ಮೆಮೊರಿ 8 ಜಿಬಿ, ಅದೂ ಹೆಚ್ಚು ವೇಗದ ಹೊಸ ಬಗೆಯದು. ದೊಡ್ಡ ಅಂಕಿಯೆಲ್ಲ ದೊಡ್ಡ ಕಾರ್ಡಲ್ಲ ಎಂಬುದಕ್ಕೆ ಇದೊಂದೇ ಸಾಕು.

ಇನ್ನೊಂದು ಮರೆ ಇದೆ. ಟೇಬಲ್ ಮೇಲಿಡುವ ಕಂಪ್ಯೂಟರಿನ ಕಾರ್ಡಿಗೂ ಲ್ಯಾಪ್‌ಟಾಪ್‌ನ ಕಾರ್ಡಿಗೂ ಹೆಸರು ಒಂದೇ ಇಡುತ್ತಾರೆ, ಒಳಗಿರುವುದು ಒಂದೇ ಅಲ್ಲ. ಟೇಬಲ್ ಕಂಪ್ಯೂಟರಿನ 4090ರಲ್ಲಿ 16384 ಕೋರ್, 24 ಜಿಬಿ. ಲ್ಯಾಪ್‌ಟಾಪ್‌ನ 4090ರಲ್ಲಿ 9728 ಕೋರ್, 16 ಜಿಬಿ. ಅಂಥ ಲಕ್ಷಗಟ್ಟಲೆಯ ಯಂತ್ರ ನಮಗೆ ಬೇಡ ಬಿಡಿ. ಆದರೆ ಯಾರಾದರೂ "4070 ಹೀಗೆ ಓಡುತ್ತದೆ" ಎಂದು ಹೊಗಳಿದರೆ ಯಾವ 4070 ಎಂದು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉರಿ. ಒಂದೇ ಅಳತೆಯ ಎರಡು ದೇಗ್‌ಗಳಲ್ಲಿ ಒಂದನ್ನು ದೊಡ್ಡ ಒಲೆಯ ಮೇಲೆ, ಇನ್ನೊಂದನ್ನು ಚಿಕ್ಕ ಸ್ಟೌ ಮೇಲೆ ಇಟ್ಟರೆ ಬಿರಿಯಾನಿ ಒಂದೇ ಹೊತ್ತಿಗೆ ಆಗುತ್ತದೆಯೇ? ಗ್ರಾಫಿಕ್ಸ್ ಕಾರ್ಡಿಗೆ ಉರಿ ಎಂದರೆ ವಿದ್ಯುತ್ತು, ವ್ಯಾಟ್ ಲೆಕ್ಕದಲ್ಲಿ. 4050, 4060, 4070 ಈ ಮೂರಕ್ಕೂ ಎನ್‌ವಿಡಿಯಾ ಕೊಟ್ಟಿರುವ ಮಿತಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ. ಅದರ ಮೇಲೆ, ಪ್ರೊಸೆಸರ್‌ಗೆ ಹೆಚ್ಚು ಕೆಲಸ ಇಲ್ಲದಾಗ ಅದರ ಪಾಲಿನಿಂದ 25 ವ್ಯಾಟ್‌ವರೆಗೆ ಎರವಲು ಪಡೆಯುವ ವ್ಯವಸ್ಥೆಯೂ ಇದೆ. ಈ ಮಿತಿಯೊಳಗೆ ಎಷ್ಟು ಕೊಡಬೇಕೆಂದು ಗೊತ್ತುಮಾಡುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ. ತೆಳ್ಳಗಿನ, ಹಗುರವಾದ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಫ್ಯಾನಿಗೆ ಜಾಗವಿಲ್ಲ, ಬಿಸಿ ಹೊರಹೋಗುವುದಿಲ್ಲ, ಹಾಗಾಗಿ ಉರಿ ಕಡಿಮೆ ಮಾಡುತ್ತಾರೆ. ಸ್ಟಿಕ್ಕರ್ ಮಾತ್ರ ಎರಡಕ್ಕೂ ಒಂದೇ, ಆರ್‌ಟಿಎಕ್ಸ್ 4060. ಹಿಂದೆ ಕಡಿಮೆ ಉರಿಯವಕ್ಕೆ 'ಮ್ಯಾಕ್ಸ್-ಕ್ಯೂ' ಎಂಬ ಗುರುತಾದರೂ ಇತ್ತು. 2021ರಿಂದ ಹೆಸರಿನಲ್ಲಿ ಅದೂ ಹೋಯಿತು.

ಒಂದು ಶನಿವಾರ ನಾನೂ ಮಗಳೂ ಎಸ್.ಪಿ. ರಸ್ತೆಗೆ ಹೊರಟೆವು. ಜಯನಗರ ನಾಲ್ಕನೇ ಬ್ಲಾಕಿನಲ್ಲೂ ಅಂಗಡಿಗಳಿವೆ, ಒಂದೆರಡು ಕಡೆ ವಿಚಾರಿಸಿಯೂ ಇದ್ದೆವು. ಆದರೆ ನಾಲ್ಕಾರನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಎಸ್.ಪಿ. ರಸ್ತೆಯೇ ಸರಿ. ಆಗಸ್ಟ್‌ನಲ್ಲಷ್ಟೇ ಹಳದಿ ಮೆಟ್ರೋ ಶುರುವಾಗಿತ್ತು. ಬಿಟಿಎಂ ಲೇಔಟ್ ನಿಲ್ದಾಣದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದೆವು. ಡೇರಿ ಸರ್ಕಲ್ಲಿನ ಟ್ರಾಫಿಕ್ಕಿಲ್ಲ, ಆಟೋದವರೊಂದಿಗೆ ಜಗಳವಿಲ್ಲ. ಮಗಳ ಪರ್ಸಿನಲ್ಲಿ ಒಂದು ಪೆನ್ ಡ್ರೈವ್ ಇತ್ತು, ಅದರಲ್ಲಿ ಅವಳದೇ ಒಂದು ಕಟ್ಟಡದ ಫೈಲು ಮತ್ತು ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್.

ಮೂರನೆಯ ಅಂಗಡಿಯಲ್ಲಿ ಹುಡುಗ ಮೂರು ಲ್ಯಾಪ್‌ಟಾಪ್ ತೆಗೆದಿಟ್ಟ. ಒಂದು, ದಪ್ಪಗಿನ 4050, ಬೆಲೆ 82,000. ಎರಡು, ದಪ್ಪಗಿನ 4060, ಬೆಲೆ 97,000. ಮೂರು, ತೆಳ್ಳಗಿನ 4060, ಬೆಳ್ಳಿ ಬಣ್ಣ, ಚೆಂದದ ಪರದೆ, ಬೆಲೆ 1,12,000. "ಮೇಡಂ, ಕಾಲೇಜಿಗೆ ಒಯ್ಯಲು ಇದೇ ಬೆಸ್ಟ್. ಕಾರ್ಡ್ ಅದೇ 4060, ತೂಕ ಮುಕ್ಕಾಲು ಕಿಲೋ ಕಡಿಮೆ" ಎಂದ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಕಾರ್ಡು ಅದೇ. ದಿನಾ ಬಸ್ಸಿನಲ್ಲಿ ಹೋಗುವ ಮಗಳ ಬೆನ್ನನ್ನು ನೆನೆದು ನನ್ನ ಮನಸ್ಸೂ ಆ ಕಡೆಗೇ ವಾಲಿತ್ತು.

ಮಗಳು ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ 'ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್' ತೆರೆದಳು. ಅದರಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ಎಂಬಲ್ಲಿ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಎಂದು ಒಂದು ಸಾಲು ಇರುತ್ತದೆ. ದಪ್ಪಗಿನದರಲ್ಲಿ 140 ವ್ಯಾಟ್, ತೆಳ್ಳಗಿನದರಲ್ಲಿ 65. ನಂತರ ಅದೇ ಫೈಲನ್ನು ಒಂದೊಂದರಲ್ಲೂ ಹಾಕಿದಳು. ನಾನು ಗೋಡೆ ಗಡಿಯಾರ ನೋಡುತ್ತ ನಿಂತೆ. ದಪ್ಪಗಿನ 4060 ಚಿತ್ರ ಮುಗಿಸಲು ನಾಲ್ಕೂಕಾಲು ನಿಮಿಷ ತೆಗೆದುಕೊಂಡಿತು. ದಪ್ಪಗಿನ 4050ಕ್ಕೆ ಐದು ನಿಮಿಷದ ಮೇಲೆ ಸ್ವಲ್ಪ. ತೆಳ್ಳಗಿನ 4060ಕ್ಕೆ ಐದೂಮುಕ್ಕಾಲು. ಮೂವತ್ತು ಸಾವಿರ ಹೆಚ್ಚು ಬೆಲೆಯದ್ದು, ಹೆಚ್ಚಿನ ಅಂಕಿಯದ್ದು, ಎಲ್ಲಕ್ಕಿಂತ ಹಿಂದೆ ಬಿತ್ತು! ಅಂಗಡಿಯ ಹುಡುಗನೂ ಬಾಗಿ ನೋಡಿದ.

ತೆಳ್ಳಗಿನದು ಕೆಟ್ಟದ್ದೆಂದು ಹೇಳುತ್ತಿಲ್ಲ. ಅದರ ಪರದೆಯಲ್ಲಿ ಚುಕ್ಕೆಗಳು ಹೆಚ್ಚು, 2560ಕ್ಕೆ 1600, ಅಂದರೆ ಸುಮಾರು 41 ಲಕ್ಷ. ಬಣ್ಣ ಕಣ್ಣಿಗೆ ಹಬ್ಬ. ಆದರೆ ಆಟವೋ ಲ್ಯೂಮಿಯನ್ನೋ ಆ ಪರದೆಯ ತುಂಬ ಓಡಬೇಕಾದರೆ ಕಾರ್ಡಿಗೆ ಕೆಲಸವೂ ಹೆಚ್ಚುಕಡಿಮೆ ಎರಡು ಪಟ್ಟು, ಅದೂ ಕಡಿಮೆ ಉರಿಯಲ್ಲಿ. ಕಚೇರಿ ಕೆಲಸದ ನಡುವೆ ಒಮ್ಮೊಮ್ಮೆ ಚಿತ್ರ ಮಾಡುವವರಿಗೆ ಅದು ಸರಿ. ನಮಗೆ ಬೇಡವೆನಿಸಿತು.

ಉಳಿದದ್ದು 4050ಯೋ 4060ಯೋ ಎಂಬುದು. ಅಂತರ 15,000. ಅದು ನನ್ನ ಎರಡು ತಿಂಗಳ ಹೊಲಿಗೆ, ಸುಮ್ಮನೆ ಕೊಡುವ ಮೊತ್ತವಲ್ಲ. ಫೋನಿನಲ್ಲಿ ಮನೆಯವರನ್ನು ಕೇಳಿದರೆ "ಎದುರಿಗಿರುವವಳು ನೀನು, ನೀನೇ ನೋಡು" ಎಂದರು. ಮುಕ್ಕಾಲು ನಿಮಿಷದ ವೇಗಕ್ಕಾದರೆ ನಾನು ಕೊಡುತ್ತಿರಲಿಲ್ಲ. ಮಗಳು ಹೇಳಿದ ಒಂದು ಮಾತು ನನ್ನನ್ನು ಒಪ್ಪಿಸಿತು. "ಅಮ್ಮೀ, ರ‍್ಯಾಮ್ ಆಮೇಲೆ ಹಾಕಿಸಬಹುದು, ಹಾರ್ಡ್ ಡಿಸ್ಕ್ ಬದಲಾಯಿಸಬಹುದು. ಕಾರ್ಡು ಮಾತ್ರ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಇವತ್ತು 6 ಜಿಬಿ ತೆಗೆದುಕೊಂಡರೆ ಐದನೇ ವರ್ಷದವರೆಗೂ 6 ಜಿಬಿಯೇ." ಎರಡನೇ ವರ್ಷದಲ್ಲಿ ಮಗಳು ಬಿಡಿಸುವುದು ಒಂದು ಮನೆ. ಐದನೇ ವರ್ಷದಲ್ಲಿ ಆಸ್ಪತ್ರೆ, ಬಸ್ ನಿಲ್ದಾಣ, ಇಡೀ ಬಡಾವಣೆ. ಪರಾತ ಚಿಕ್ಕದಾದರೆ ಮತ್ತೆ ಗೆಳತಿಯ ಮನೆ, ಮತ್ತೆ ರಾತ್ರಿ ಒಂಬತ್ತೂವರೆ.

97,000ದ್ದನ್ನೇ ಹಿಡಿದು ಚೌಕಾಸಿಗೆ ನಿಂತೆ. 95,500ಕ್ಕೆ ಇಳಿಯಿತು, ಬ್ಯಾಗೂ ಮೌಸೂ ಉಚಿತ. ಉಳಿದ ದುಡ್ಡಿನಲ್ಲಿ ಅಲ್ಲೇ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದೆವು. ಅದಾದ ಎರಡೇ ತಿಂಗಳಲ್ಲಿ, 2025ರ ಕೊನೆಗೆ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಂಡು ರ‍್ಯಾಮ್ ಬೆಲೆ ಗಗನಕ್ಕೇರಿತು. ಈಗ ಕೊಳ್ಳಲು ಹೋಗುವವರು ಕಾರ್ಡಿನ ಜೊತೆಗೆ ರ‍್ಯಾಮ್ ಎಷ್ಟಿದೆ ಎಂದೂ ಕೇಳಿಕೊಂಡೇ ದುಡ್ಡು ಕೊಡಿ. ಈಗ 40ರ ಪೀಳಿಗೆ ಅಂಗಡಿಗಳಲ್ಲಿ ಕಡಿಮೆಯಾಗುತ್ತಿದೆ. 5050, 5060 ನೋಡುವವರು ಕೂಡ ಕೇಳಬೇಕಾದ ಪ್ರಶ್ನೆ ಅದೇ, ಎಷ್ಟು ವ್ಯಾಟ್? ಇವಕ್ಕೆ ಎನ್‌ವಿಡಿಯಾ ಹೇಳಿರುವ ಮೇಲ್ಮಿತಿ 100.

ಮನೆಯಲ್ಲಿ ಯಂತ್ರಕ್ಕೊಂದು ಸ್ಟೀಲ್ ಸ್ಟ್ಯಾಂಡ್ ಬಂತು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಡಕೂಡದು, ಕೆಳಗಿನಿಂದ ಗಾಳಿ ಎಳೆಯುವ ಜಾಗ ಮುಚ್ಚಿದರೆ ಬಿಸಿಯಾಗಿ ತಾನೇ ವೇಗ ಇಳಿಸುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದರೂ ಕಾರ್ಡಿಗೆ ಪೂರ್ತಿ ಉರಿ ಸಿಗುವುದಿಲ್ಲ. ಚಾರ್ಜರೋ, ಇಟ್ಟಿಗೆಯಷ್ಟು ದಪ್ಪ! ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ ಎಂದು ನಾನು ಲೆಕ್ಕ ಹಾಕಿದೆ. ಕಾರ್ಡು ಪ್ರೊಸೆಸರ್ ಎರಡೂ ಜೋರಾಗಿ ಓಡಿದರೆ ಐದು ಗಂಟೆಗೆ ಒಂದು ಯೂನಿಟ್ ಹಿಡಿಯಬೇಕು. ಬರೆಯುವ, ಓದುವ ಕೆಲಸಕ್ಕೆ ಅಷ್ಟೇನೂ ಇಲ್ಲ.

ಮಗನ ವಿಷಯದಲ್ಲಿ ಒಂದು ಒಪ್ಪಂದವಾಯಿತು. ಶನಿವಾರ, ಭಾನುವಾರ ಎರಡೆರಡು ಗಂಟೆ, ಆಪಾಳ ಸಬ್‌ಮಿಷನ್ ಇಲ್ಲದಿದ್ದರೆ ಮಾತ್ರ, ಹಾಲ್‌ನಲ್ಲಿ ಎಲ್ಲರೆದುರಿಗೆ. ದುಡ್ಡು ಕಟ್ಟಿ ಆಡುವ ಆಟ ಮಾತ್ರ ಬೇಡವೇ ಬೇಡ, 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅವನ್ನು ನಿಷೇಧಿಸುವ ಕಾನೂನು ಮಾಡಿದೆ ಎಂದು ಅವನ ಅಬ್ಬಾ ಹೇಳಿದರು. ಅವನು ಆಡುವುದು ಫುಟ್‌ಬಾಲ್ ಮತ್ತು ಕಾರ್ ರೇಸು. ಗೋಲು ಹಾಕಿದಾಗ ಮನೆ ಹಾರಿಹೋಗುವಂತೆ ಕೂಗುತ್ತಾನೆ, ಅದೊಂದು ಬಿಟ್ಟರೆ ತೊಂದರೆಯಿಲ್ಲ. ತೂಕದ ವಿಷಯಕ್ಕೆ ನಾನೇ ಹಳೆಯ ಜೀನ್ಸ್ ಬಟ್ಟೆಯಿಂದ ಬ್ಯಾಗಿನ ಪಟ್ಟಿಗಳಿಗೆ ದಪ್ಪಗೆ ಮೆತ್ತೆ ಹೊಲಿದುಕೊಟ್ಟೆ. ಕಾಲೇಜಿಗೆ ಅದನ್ನು ಒಯ್ಯುವುದು ವಾರಕ್ಕೆ ಎರಡು ದಿನ ಮಾತ್ರ.

ಡಿಸೆಂಬರಿನಲ್ಲಿ ಮಗಳ ಮೊದಲ ದೊಡ್ಡ ಸಬ್‌ಮಿಷನ್ ಇತ್ತು, ಒಳಾಂಗಣವಿರುವ ಒಂದು ಮನೆ. ರಾತ್ರಿ ಹತ್ತಕ್ಕೆ ಹಾಲ್‌ನಲ್ಲೇ ಕುಳಿತು ಕೆಲಸ ಮಾಡುತ್ತಿದ್ದಳು, ಫ್ಯಾನು ಗುಂಯ್ ಎನ್ನುತ್ತಿತ್ತು. ನಿದ್ದೆ ಬಾರದ ನಮ್ಮತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಮಗಳು ಅವರನ್ನು ಪರದೆಯ ಮೇಲೆಯೇ ಬಾಗಿಲಿನಿಂದ ಒಳಗೆ 'ನಡೆಸಿಕೊಂಡು' ಹೋದಳು. ಒಳಾಂಗಣ ನೋಡಿ "ಮಾಶಾ ಅಲ್ಲಾಹ್" ಎಂದವರು ಅಡುಗೆಮನೆಗೆ ಬಂದು ನಿಂತುಬಿಟ್ಟರು.

"ಇಷ್ಟು ಕತ್ತಲೆಯಲ್ಲಿ ಯಾವ ಹೆಂಗಸು ಅಡುಗೆ ಮಾಡುತ್ತಾಳೆ? ಕಿಟಕಿ ಎಲ್ಲಿ?"

ಮಗಳು ನಕ್ಕು, ಪೂರ್ವದ ಗೋಡೆಯಲ್ಲಿ ಕಿಟಕಿಯೊಂದನ್ನು ಕೊರೆದಳು. ಬೆಳಗಿನ ಬಿಸಿಲು ಒಳಗೆ ಬಂದು ಕಟ್ಟೆಯ ಮೇಲೆ ಬಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಮುಂದಕ್ಕೆ ಬಾಗಿದರು.

"ಇನ್ನೂ ಸ್ವಲ್ಪ ಈ ಕಡೆ ತಾ ಬೇಟಿ, ಒಲೆಯ ಮೇಲೆ ಗಾಳಿ ಹೊಡೆಯಬಾರದು."